ಕಂಪ್ಲಿ ರಸ್ತೆಗೆ ಒಂದು ಸೈಕಲ್ ಲೈಟು

ಹೊಸಪೇಟೆಯ ಸೈಕಲ್ ಅಂಗಡಿಯವನು ಲೈಟನ್ನು ಡಬ್ಬಿಯಿಂದ ತೆಗೆದು ನನ್ನ ಕಣ್ಣಿಗೇ ಹಿಡಿದು ಹಚ್ಚಿದ. ಮಧ್ಯಾಹ್ನದ ಬಿಸಿಲಿನಲ್ಲೂ ಕಣ್ಣು ಕುಕ್ಕಿತು.

"ನೋಡ್ರಿ ಅಕ್ಕಾರ, ಹೆಂಗೈತಿ! ಸಾವಿರ ಲುಮೆನ್ನು. ಗುಡ್ಡದಾಗ ಮಲಗಿದ ಕರಡಿ ಎದ್ದು ಕುಂದ್ರತೈತಿ."

"ಎಷ್ಟು ಹೊತ್ತು ಉರಿತೈತ್ರಿ?"

"ರಾತ್ರಿಯೆಲ್ಲ ಉರಿತೈತ್ರಿ."

"ನೀವು ಉರಿಸಿ ನೋಡೀರೇನು?"

"ನಾನು ರಾತ್ರಿ ಮಲಗ್ತೀನ್ರಿ," ಎಂದು ಅವನು ನಕ್ಕ.

ಡಬ್ಬಿಯ ಮೇಲೆ ಸಾವಿರ ಎಂದು ದಪ್ಪಗೆ ಅಚ್ಚಾಗಿತ್ತು. ಪಕ್ಕದ ಡಬ್ಬಿಯ ಮೇಲೆ ಎರಡು ಸಾವಿರ ಎಂದಿತ್ತು, ಆದರೆ ಬೆಲೆ ಅದರದೇ ಕಡಿಮೆ. ಎರಡನ್ನೂ ಹಚ್ಚಿಸಿ ಅಂಗಡಿಯ ಒಳಗಿನ ಕತ್ತಲ ಮೂಲೆಗೆ ಹಿಡಿಸಿದೆ. ಬೆಳಕಿನಲ್ಲಿ ಏನೂ ವ್ಯತ್ಯಾಸವಿರಲಿಲ್ಲ. ಹಾಗಾದರೆ ಎರಡರಲ್ಲಿ ಒಂದು ಡಬ್ಬಿಯಾದರೂ ಸುಳ್ಳು ಹೇಳುತ್ತಿತ್ತು. ಹ್ಯಾಂಡಲ್ಲಿಗೆ ಬಿಗಿಯುವ ರಬ್ಬರ್ ಪಟ್ಟಿಯನ್ನು ಎಳೆದು ನೋಡಿದೆ. ಅಂಗಡಿಯವನು, "ಹಂಗ ಜಗ್ಗಬ್ಯಾಡ್ರಿ, ಹರಿತೈತಿ," ಎಂದ. ನನ್ನ ಕೈಗೆ ಹರಿಯುವುದು ರಸ್ತೆಯ ಗುಂಡಿಗಳಿಗೆ ಹರಿಯದೆ ಇರುತ್ತದೆಯೇ? ಆದರೂ ಒಂದನ್ನು ಕೊಂಡೆ. ಬರಿಗೈಲಿ ಮನೆಗೆ ಹೋಗುವ ಹಾಗಿರಲಿಲ್ಲ.

ಕೆಲಸಕ್ಕೆ ಮರಳಲು ನನಗೆ ಎರಡು ವಾರ ಮಾತ್ರ ಉಳಿದಿತ್ತು. ಹಂಪಿಯ ಒಂದು ಗೆಸ್ಟ್‌ಹೌಸಿನ ಅಡುಗೆಮನೆಯಲ್ಲಿ ನಾನು ಮತ್ತು ಅಕ್ಕ ಒಟ್ಟಿಗೆ ಕೆಲಸ ಮಾಡುತ್ತಿದ್ದೆವು. ಗುಡ್ಡ ಹತ್ತಿ ಸೂರ್ಯೋದಯ ನೋಡುವವರಿಗೆ ಐದೂವರೆಗೆ ಚಹಾ ಸಿದ್ಧವಿರಬೇಕು. ಅವರು ಇಳಿದು ಬರುವಷ್ಟರಲ್ಲಿ ತಿಂಡಿ. ಅಕ್ಕ ತೀರಿಕೊಂಡ ಮೇಲೆ ಗೆಸ್ಟ್‌ಹೌಸಿನ ಯಜಮಾನಿ ಒಂದು ತಿಂಗಳು ಏನೂ ಕೇಳಲಿಲ್ಲ. ಆಮೇಲೆ ಫೋನು ಮಾಡಿದರು. "ಸೀಜನ್ ಶುರು ಆಗೈತವ್ವ. ನೀನು ಬರ್ತಿ ಅಂದ್ರ ಹದಿನೈದು ದಿನ ತಡೀತೀನಿ. ಬರಂಗಿಲ್ಲ ಅಂದ್ರ ಈಗ ಹೇಳಿಬಿಡು." ಬರುತ್ತೇನೆ ಎಂದೆ. ಆ ಕೆಲಸ ಬಿಟ್ಟರೆ ನನಗೆ ಬೇರೆ ಗತಿ ಇರಲಿಲ್ಲ.

ನಮ್ಮ ಮನೆ ಕಮಲಾಪುರದಿಂದ ಕಂಪ್ಲಿ ಕಡೆಗೆ ಹೋಗುವ ರಸ್ತೆಯಲ್ಲಿ, ಊರಿನಿಂದ ಹೊರಗೆ ಇದೆ. ಕಮಲಾಪುರ ಮುಟ್ಟುವವರೆಗೆ ಒಂದು ಕಂಬದಲ್ಲೂ ದೀಪವಿಲ್ಲ. ನಸುಕಿನ ಆ ಹೊತ್ತಿಗೆ ಆಟೋ ಸಿಗುವುದಿಲ್ಲ, ಬಸ್ಸೂ ಇಲ್ಲ. ಹಾಗಾಗಿ ಏಳು ವರ್ಷ ಇಬ್ಬರೂ ಸೈಕಲ್ ತುಳಿದೆವು. ಅಕ್ಕ ಮುಂದೆ, ನಾನು ಹಿಂದೆ. ಲೈಟು ಇದ್ದದ್ದು ಅಕ್ಕನ ಹತ್ತಿರ ಮಾತ್ರ, ಹಣೆಗೆ ಪಟ್ಟಿ ಕಟ್ಟಿಕೊಳ್ಳುವ ಟಾರ್ಚು. ಅದನ್ನು ಕಮಲಾಪುರದ ಸಂತೆಯಲ್ಲಿ ಆರಿಸಿದ್ದು ನಾನೇ. ಅಗ್ಗ, ಗಟ್ಟಿ, ಕೈ ಎರಡೂ ಖಾಲಿ ಇರುತ್ತವೆ. ಕಾಲುವೆಗೆ ನೀರು ಬಂದಾಗ ಪಾಳಿಯ ಮೇಲೆ ರಾತ್ರಿ, ಬೆಳಗಿನ ಜಾವ ಗದ್ದೆಗೆ ನೀರು ಕಟ್ಟುವವರು ಕೊಳ್ಳುವುದೂ ಅದನ್ನೇ. ಅವರಿಗೆ ಒಂದು ಕೈಯಲ್ಲಿ ಸಲಿಕೆ ಇರುತ್ತದಲ್ಲ.

ಆ ದಿನ ನನಗೆ ಜ್ವರ. ಅಕ್ಕ ಒಬ್ಬಳೇ ಹೋದಳು. ಮನೆಯಿಂದ ಅರ್ಧ ಕಿಲೋಮೀಟರಿಗೆ ರಸ್ತೆ ಎಡಕ್ಕೆ ಹೊರಳುತ್ತದೆ. ಆ ತಿರುವಿನಲ್ಲಿ ಎದುರಿನಿಂದ ಬಂದ ಮೋಟರ್ ಸೈಕಲ್ ತನ್ನ ಮಗ್ಗುಲು ಬಿಟ್ಟು ಅಕ್ಕನ ಮಗ್ಗುಲಿಗೆ ಬಂದು ಗುದ್ದಿತು. ಆಸ್ಪತ್ರೆ ಮುಟ್ಟುವ ಮೊದಲೇ ಅವಳು ಹೋಗಿಬಿಟ್ಟಿದ್ದಳು.

ಗುದ್ದಿದವನು ಕಂಪ್ಲಿಯವನು, ಅಕ್ಕಿ ಗಿರಣಿಯಲ್ಲಿ ಕೆಲಸ. ಯಾರನ್ನೋ ಹೊಸಪೇಟೆಯಲ್ಲಿ ರೈಲಿಗೆ ಹತ್ತಿಸಿ ಊರಿಗೆ ಮರಳುತ್ತಿದ್ದನಂತೆ. ಅವನ ಕಾಲೂ ಮುರಿದಿತ್ತು. ಅಕ್ಕನ ಕಾರ್ಯ ಎಲ್ಲ ಮುಗಿದ ಮೇಲೆ ಒಂದು ದಿನ ಊರುಗೋಲು ಹಿಡಿದು ಮನೆಗೆ ಬಂದ. ಹೊಸ್ತಿಲ ಹೊರಗೇ ನಿಂತ. ಕುಂದ್ರಿ ಎಂದು ನಾನು ಹೇಳಲಿಲ್ಲ.

"ಲೈಟು ನೋಡಿದ್ನಿರಿ ಅಕ್ಕಾರ. ಸುಳ್ಳು ಹೇಳಂಗಿಲ್ಲ. ಗದ್ದ್ಯಾಗ ಯಾರೋ ನೀರು ಕಟ್ಟಾಕತ್ಯಾರ ಅನ್ಕೊಂಡ್ನಿ."

"ರೋಡಿನ ಮ್ಯಾಲಿದ್ದ ಲೈಟು ಗದ್ದ್ಯಾಗ ಹೆಂಗ ಕಂಡೀತು?"

"ಹಂಗ ಕಂಡ್ತಿರಿ."

ನಾನು ನಂಬಲಿಲ್ಲ. ಕುಡಿದಿದ್ದನೇನೋ ಎಂದುಕೊಂಡೆ. ಫೋನು ನೋಡುತ್ತಿದ್ದಿರಬಹುದು, ನಿದ್ದೆ ಹತ್ತಿರಬಹುದು. ಮನೆಗೆ ಬಂದ ದಿನ ಅವನಿಂದ ಕೊಬ್ಬರಿ ಎಣ್ಣೆಯ ವಾಸನೆ ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಇವತ್ತು ಬೇಕೆಂದೇ ಕುಡಿಯದೆ ಬಂದಿದ್ದಾನೆ ಎಂದುಕೊಂಡೆ. ಪೊಲೀಸರಿಗೆ ಹೇಳಿದೆ, ಅಕ್ಕಪಕ್ಕದವರಿಗೆ ಹೇಳಿದೆ, ಗೆಸ್ಟ್‌ಹೌಸಿನ ಯಜಮಾನಿಗೂ ಹೇಳಿದೆ. ಲೈಟು ನೋಡಿಯೂ ಗುದ್ದಿದನಂತೆ, ಎಂಥ ಸುಳ್ಳ ನೋಡಿ ಎಂದು. ಯಾರೂ ಇಲ್ಲ ಎನ್ನಲಿಲ್ಲ. ಸತ್ತವರ ಮನೆಯವರ ಮಾತಿಗೆ ಯಾರು ಇಲ್ಲ ಎನ್ನುತ್ತಾರೆ?

ಆಮೇಲೆ ನನಗೆ ಎಲ್ಲದರ ಮೇಲೂ ಅನುಮಾನ ಶುರುವಾಯಿತು. ಹೊಸಪೇಟೆಯಿಂದ ತಂದ ಲೈಟನ್ನು ಕೊಂಡ ದಿನದ ಸಂಜೆಯೇ ಪೂರ್ತಿ ಚಾರ್ಜ್ ಮಾಡಿ ಹಚ್ಚಿಟ್ಟು ಎದುರಿಗೆ ಕುಳಿತೆ. ಅನ್ನ ಬೇಯಿಸಿ, ಉಂಡು, ಪಾತ್ರೆ ತೊಳೆಯುವಷ್ಟರಲ್ಲಿ ಬೆಳಕು ಮಂಕಾಯಿತು. ಇನ್ನೊಮ್ಮೆ ಚಾರ್ಜ್ ಮಾಡಿ, ಈ ಸಲ ಬಕೆಟ್ಟಿನ ನೀರಿನಲ್ಲಿ ಅದ್ದಿದೆ. ಒಂದು ಸಲ ಮಿಂಚಿ ಆರಿಹೋಯಿತು. ಮರುದಿನ ಅಂಗಡಿಗೆ ಒಯ್ದೆ.

"ನೀರಾಗ ಯಾಕ ಹಾಕಿದ್ರಿ? ಇದೇನು ಮೀನೇನ್ರಿ?"

"ಮಳಿ ಬಂದ್ರ ನೀವು ಬಂದು ಕೊಡಿ ಹಿಡಿತೀರೇನು?"

ಬೇರೆ ಗಿರಾಕಿಗಳು ನಕ್ಕರು. ಅವನು ವಾಪಸ್ಸು ತೆಗೆದುಕೊಳ್ಳಲಿಲ್ಲ. ಕಂಪ್ಲಿಯಲ್ಲಿ ಒಂದು ಅಂಗಡಿ ಇದೆ ಎಂದು ಯಾರೋ ಹೇಳಿದರು. ಗುದ್ದಿದವನ ಊರು ಎಂದು ಹೋಗಲು ಮನಸ್ಸಿರಲಿಲ್ಲ, ಆದರೂ ಹೋದೆ. ಅಲ್ಲಿನ ಮುದುಕ ಮೊದಲು ಹಳೆಯ ಡೈನಮೋ ತೋರಿಸಿದ. ಟೈರಿಗೆ ತಾಗಿ ತಿರುಗುವ ಅದಕ್ಕೆ ಸೆಲ್ಲೂ ಬೇಡ, ಚಾರ್ಜೂ ಬೇಡ. ಆದರೆ ಕಾಲು ನಿಂತರೆ ಬೆಳಕೂ ನಿಲ್ಲುತ್ತದೆ. ಲಾರಿ ಬಂದಾಗ ಬದಿಗೆ ಸರಿದು ನಿಲ್ಲುವ ಹೊತ್ತಿಗೇ ಕತ್ತಲು. ಬೇಡ ಎಂದೆ. ಆಮೇಲೆ ಅವನು ಪೆನ್‌ಸೆಲ್ ಹಾಕುವ ಒಂದು ಸಣ್ಣ ಲೈಟು ತೆಗೆದ. ಅದರ ಡಬ್ಬಿಯ ಮೇಲೆ ಯಾವ ಸಾವಿರವೂ ಇರಲಿಲ್ಲ. ಕಬ್ಬಿಣದ ಪಟ್ಟಿ, ಸ್ಕ್ರೂ ಹಾಕಿ ಹ್ಯಾಂಡಲ್ಲಿಗೆ ಬಿಗಿಯುವುದು.

"ಇದು ಭಾಳ ದೂರ ತೋರಿಸಂಗಿಲ್ಲವ್ವ. ಹತ್ತು ಹದಿನೈದು ಹೆಜ್ಜಿ," ಎಂದ.

ತನ್ನ ಮಾಲಿನ ಕೊರತೆ ತಾನೇ ಹೇಳುವ ವ್ಯಾಪಾರಿಯನ್ನು ನಾನು ನೋಡಿದ್ದು ಅದೇ ಮೊದಲು. ಅದಕ್ಕೂ ಅನುಮಾನ ಬಂತು. ಮಾರಾಟವಾಗದೆ ಉಳಿದದ್ದನ್ನು ನನಗೆ ದಾಟಿಸುತ್ತಿದ್ದಾನೆಯೇ? ಕೊಂಡು ತಂದು ಬಕೆಟ್ಟಿನಲ್ಲಿ ಅದ್ದಿದೆ. ಉರಿಯಿತು. ರಾತ್ರಿ ಹಚ್ಚಿಟ್ಟು ಮಲಗಿದೆ, ಬೆಳಿಗ್ಗೆಯೂ ಉರಿಯುತ್ತಿತ್ತು. ಆದರೆ ಅಷ್ಟು ಸಣ್ಣ ಬೆಳಕನ್ನು ನಂಬಿ ಆ ತಿರುವು ದಾಟುವುದು ಹೇಗೆ?

ಅಷ್ಟರಲ್ಲಿ ಸಂಡೂರಿನಿಂದ ಸೋದರಮಾವ ಬಂದರು. ಗಣಿಯಲ್ಲಿ ರಾತ್ರಿ ಪಾಳಿಯ ಮೆಕ್ಯಾನಿಕ್ಕಾಗಿದ್ದು ನಿವೃತ್ತರಾದವರು. ನನ್ನ ಪರೀಕ್ಷೆಗಳ ಸುದ್ದಿ ಅವರಿಗೂ ಮುಟ್ಟಿತ್ತು. ಚೀಲದಿಂದ ಒಂದು ಲೈಟು ತೆಗೆದು ಮೇಜಿನ ಮೇಲಿಟ್ಟರು. ಹೆಲ್ಮೆಟ್ಟಿಗೆ ಸಿಕ್ಕಿಸುವ ಲೈಟು, ಅಂಗೈಯಷ್ಟು ದಪ್ಪ.

"ಇದರ ಮುಂದ ನಿನ್ನ ಹೊಸಪೇಟಿ ಲೈಟು ಊದಿನಕಡ್ಡಿ."

"ಕಂಪನಿ ಮಾಲು ಹೌದಲ್ಲ ಮಾವ?"

"ರಿಟೈರಾದಾಗ ಕೊಟ್ರು."

"ಯಾರು ಕೊಟ್ರು?"

"ಕೊಟ್ರು ಅಂದ್ರ... ನಾನೇ ತಗೊಂಡೆ. ಲೇ, ನೀ ಏನು ಪೊಲೀಸ್ನೋರ ಮಗಳೇನು?"

ಅಕ್ಕ ಹೋದ ಮೇಲೆ ನಾನು ನಕ್ಕಿದ್ದು ಅವತ್ತೇ. ಆದರೂ ನೋಡದೆ ಒಪ್ಪುವುದಿಲ್ಲ ಎಂದೆ. ಮರುದಿನ ಬೆಳಗಿನ ಜಾವ, ಕೆಲಸಕ್ಕೆ ಹೊರಡುವ ಹೊತ್ತಿಗೇ ನೋಡೋಣ ಎಂದು ಗೊತ್ತುಮಾಡಿದೆವು. ನಾನು ತಿರುವಿನಾಚೆ, ಕಮಲಾಪುರದ ಮಗ್ಗುಲಲ್ಲಿ ನಿಲ್ಲುವುದು. ಮಾವ ಆ ಲೈಟನ್ನು ತಲೆಗೆ ಕಟ್ಟಿಕೊಂಡು ಮನೆಯಿಂದ ಸೈಕಲ್ಲಿನಲ್ಲಿ ಬರುವುದು. ಎಷ್ಟು ದೂರದಿಂದ ಕಾಣುತ್ತದೆ ಎಂದು ನಾನು ಹೆಜ್ಜೆ ಹಾಕಿ ಅಳೆಯುವುದು.

ಅಕ್ಕ ಹೋದ ಮೇಲೆ ಆ ತಿರುವಿಗೆ ನಾನು ಹಗಲಿನಲ್ಲಿ ಮಾತ್ರ ಹೋಗಿದ್ದೆ, ಅದೂ ಮುಖ ತಿರುಗಿಸಿಕೊಂಡು. ತಿರುವಿನ ಒಳಮಗ್ಗುಲಿಗೆ ಬತ್ತದ ಗದ್ದೆ, ರಸ್ತೆ ಅದನ್ನು ಬಳಸಿಕೊಂಡು ಹೋಗುತ್ತದೆ. ಕಾಲುವೆಗೆ ನೀರು ಬಿಟ್ಟಿದ್ದರು. ಗದ್ದೆಯಲ್ಲಿ ಮೂರು ಕಡೆ ಬೆಳಕು ಅಲುಗುತ್ತಿತ್ತು, ನೀರು ಕಟ್ಟುವವರದು. ನಾನು ರಸ್ತೆಯ ಕಡೆ ಕಣ್ಣಿಟ್ಟು ಕಾದೆ. ಮಾವ ಬರಲಿಲ್ಲ. ಗದ್ದೆಯ ಬೆಳಕು ನಾಲ್ಕಾಯಿತು. ನಾಲ್ಕನೆಯದು ಸ್ವಲ್ಪ ಜೋರಾಗಿತ್ತು, ಆಕಡೆ ಈಕಡೆ ತಿರುಗುತ್ತ ಬದುವಿನ ಮೇಲೆ ಬರುವ ಹಾಗಿತ್ತು. ಇನ್ನೊಬ್ಬ ರೈತ ಬಂದ ಎಂದುಕೊಂಡೆ. ಮಾವ ಎಲ್ಲಿ ಕುಳಿತರೋ, ಯಾರ ಹತ್ತಿರ ಬೀಡಿ ಕೇಳುತ್ತ ನಿಂತರೋ ಎಂದು ಬೇಸರವಾಯಿತು. ಆಗ ತಿರುವಿನಲ್ಲೇ ಬೆಲ್ಲು ಹೊಡೆಯಿತು.

"ಲೇ, ಸರೀಲೇ! ರೋಡಿನ ನಡುವ ನಿಂತೀಯಲ್ಲ. ಇಷ್ಟು ದೊಡ್ಡ ಲೈಟು ಕಾಣ್ಲಿಲ್ಲೇನು?"

ಕಂಡಿತ್ತು. ನಾನು ಅದನ್ನು ನೋಡುತ್ತಲೇ ಇದ್ದೆ.

ರಸ್ತೆಯ ಬದಿಯ ಕಲ್ಲಿನ ಮೇಲೆ ಕುಳಿತೆ. ಮಾವ ಗಾಬರಿಯಾಗಿ ಏನಾಯಿತು ಎಂದು ಕೇಳಿದರು. ಮತ್ತೆ ಮನೆಯವರೆಗೆ ಹೋಗಿ, ಈ ಸಲ ತಲೆಯ ಲೈಟು ಆರಿಸಿ, ಹ್ಯಾಂಡಲ್ಲಿಗೆ ಬಿಗಿದಿದ್ದ ಕಂಪ್ಲಿಯ ಲೈಟು ಹಚ್ಚಿಕೊಂಡು ಬರ್ರಿ ಎಂದೆ. ಗೊಣಗುತ್ತ ಹೋದರು. ಆ ಸಣ್ಣ ಬೆಳಕು ದೂರದಿಂದಲೇ ಬೇರೆಯಾಗಿ ಕಂಡಿತು. ಸೊಂಟದ ಎತ್ತರದಲ್ಲಿ, ಒಂದೇ ಸಮನಾಗಿ, ಮುಂದೆ ಡಾಂಬರಿನ ತುಂಡೊಂದನ್ನು ಬೆಳಗಿಸಿಕೊಂಡು ಬಂತು. ಅದು ರಸ್ತೆಯ ಮೇಲಿನ ಬೆಳಕು ಎನ್ನುವುದರಲ್ಲಿ ಯಾರಿಗೂ ಸಂಶಯ ಬರುವಂತಿರಲಿಲ್ಲ. ಮೂರನೆಯ ಸಲ ಮತ್ತೆ ತಲೆಯ ಲೈಟಿನಲ್ಲಿ ಕಳಿಸಿದೆ. ಈಗ ಬರುತ್ತಿರುವುದು ಮಾವನೇ ಎಂದು ಗೊತ್ತಿದ್ದೂ, ತಿರುವಿನವರೆಗೆ ನಾಲ್ಕರಲ್ಲಿ ಯಾವುದು ಅವರದೆಂದು ಹೇಳಲು ಆಗಲಿಲ್ಲ. ನಮ್ಮ ಕಡೆ ಆ ಹೊತ್ತಿನಲ್ಲಿ ತಲೆಯ ಎತ್ತರದಲ್ಲಿ ಓಲಾಡುವ ಬೆಳಕೆಂದರೆ ಗದ್ದೆಯಲ್ಲಿರುವ ಮನುಷ್ಯ. ಹುಟ್ಟಿದಾಗಿನಿಂದ ನೋಡಿದ್ದು ಅದನ್ನೇ. ಕಂಪ್ಲಿಯವನೂ ಅದನ್ನೇ ನೋಡಿದ್ದ.

ಮನೆಗೆ ಬಂದು ಚಹಾ ಕುಡಿಯುವಾಗ ಮಾವನಿಗೆ ಹೇಳಿದೆ. ಅವರು ಕಪ್ಪನ್ನು ಕೆಳಗಿಟ್ಟರು.

"ಹಂಗಂದ್ರ ಅವನ ತಪ್ಪಿಲ್ಲ ಅಂತೀಯೇನು?"

"ಹಂಗಲ್ಲ. ತನ್ನ ಮಗ್ಗಲು ಬಿಟ್ಟು ಯಾಕ ಬಂದ? ಅದನ್ನ ಕೇಳ್ತೀನಿ. ಆದ್ರ ಸುಳ್ಳು ಹೇಳಿಲ್ಲ ಮಾವ."

"ಟಾರ್ಚು ನೀನು ಆರಿಸಿದ್ದಿ ಅಂತ ಮನಸ್ಸಿಗೆ ಹಚ್ಕೋಬ್ಯಾಡ. ನಾನೂ ಅದನ್ನೇ ಆರಿಸ್ತಿದ್ದೆ. ಈಗ್ಲೂ ತಂದೀನಲ್ಲ, ಅದನ್ನೇ."

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ಆ ಮಾತು ಈಗಲೂ ನನ್ನಲ್ಲಿ ಪೂರ್ತಿ ಇಳಿದಿಲ್ಲ. ಅಷ್ಟು ದಿನ ಅಂಗಡಿಯವನನ್ನು, ಡಬ್ಬಿಯನ್ನು, ಊರುಗೋಲು ಹಿಡಿದು ಬಂದವನನ್ನು ಅನುಮಾನಿಸಿದೆ. ಸಂತೆಯಲ್ಲಿ ಆ ಟಾರ್ಚನ್ನು ಕೈಯಲ್ಲಿ ಹಿಡಿದು ನೋಡಿದಾಗ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ರಸ್ತೆ ನಮಗೆ ಕಾಣುತ್ತದೆಯೇ ಎಂದು ನೋಡಿದೆ. ಎದುರಿನವರಿಗೆ ನಾವು ಏನಾಗಿ ಕಾಣುತ್ತೇವೆ ಎಂದು ನೋಡಲಿಲ್ಲ.

ಯಾರಿಗೆಲ್ಲ ಅವನು ಸುಳ್ಳ ಎಂದಿದ್ದೆನೋ ಅವರಿಗೆಲ್ಲ ಹೋಗಿ ಹೇಳಿದೆ. ಮೂರು ದಿನ ಹಿಡಿಯಿತು. ಪಕ್ಕದ ಮನೆಯವರು, "ನಿನಗ್ಯಾರಾದ್ರೂ ಹೇಳಿಕೊಟ್ರೇನು?" ಎಂದು ಕೇಳಿದರು. ನನ್ನ ಅನುಮಾನ ಈಗ ಅವರಿಗೆ ಅಂಟಿತ್ತು. ಪೊಲೀಸ್ ಠಾಣೆಯಲ್ಲಿ ಬರೆದುಕೊಂಡರು. ಏನು ಬರೆದರು ಎಂದು ಓದಿಸಿಕೊಂಡೇ ಸಹಿ ಹಾಕಿದೆ.

ಕೊನೆಗೆ ನಾನು ಇಟ್ಟುಕೊಂಡದ್ದು ಕಂಪ್ಲಿಯ ಸಣ್ಣ ಲೈಟನ್ನೇ. ಅದರ ಮೂತಿಯನ್ನು ಹತ್ತು ಹೆಜ್ಜೆ ಮುಂದಿನ ನೆಲಕ್ಕೆ ಬಗ್ಗಿಸಿದೆ. ಹಿಂದೆ ಕೆಂಪು ಲೈಟು ಹಾಕಿಸಿದೆ. ಮಿಣುಕುವುದಲ್ಲ, ಒಂದೇ ಸಮ ಉರಿಯುವುದು. ಎರಡೂ ಪೆಡಲಿನ ಹಿಂದೆ ಮುಂದೆ ಹೊಳೆಯುವ ಟೇಪು ಅಂಟಿಸಿದರು ಮಾವ. ಮೇಲೆ ಕೆಳಗೆ ಆಡುವ ಎರಡು ಮಿಂಚು ಕಂಡರೆ ಅದು ಸೈಕಲ್ಲಲ್ಲದೆ ಇನ್ನೇನೂ ಆಗಿರಲಾರದು. ಒಟ್ಟು ಖರ್ಚು ಹೊಸಪೇಟೆಯ ಆ ಒಂದು ಲೈಟಿಗಿಂತ ಕಡಿಮೆ.

ಹದಿನೈದನೆಯ ದಿನ ಹೊರಟೆ. ಮಾವ ಬಾಗಿಲಲ್ಲಿ ನಿಂತು, "ನಾನೂ ಬರ್ಲೇನು?" ಎಂದರು. ಬ್ಯಾಡ ಎಂದೆ. ಮುಂದೆ ಯಾರೂ ಇಲ್ಲದೆ ಆ ರಸ್ತೆಯಲ್ಲಿ ನಾನು ತುಳಿದದ್ದು ಅದೇ ಮೊದಲು. ಬೆಳಕು ಅಕ್ಕನ ಬೆನ್ನಿನಾಚೆ ಇರುತ್ತಿತ್ತು. ಈಗ ನನ್ನ ಕೈಗಳ ನಡುವೆಯೇ ಇತ್ತು. ಸ್ಕ್ರೂ ಸಡಿಲವಾಗಿದೆಯೇ ಎಂದು ಎರಡು ಸಲ ಮುಟ್ಟಿ ನೋಡಿದೆ. ಹಿಂದಿನ ಕೆಂಪು ಆರಿದೆಯೇ ಎಂದು ಇಳಿದು ನೋಡಿದೆ.

ತಿರುವಿನಲ್ಲಿ ಎದುರಿನಿಂದ ಮೋಟರ್ ಸೈಕಲ್ ಬಂತು. ದೊಡ್ಡ ಬೆಳಕು ಮುಖಕ್ಕೆ ಬಿತ್ತು. ನಾನು ಸೈಕಲ್ಲನ್ನು ಡಾಂಬರಿನಿಂದ ಕೆಳಗಿಳಿಸಿ ಒಂದು ಕಾಲೂರಿ ನಿಂತೆ. ಲೈಟು ಉರಿಯುತ್ತಲೇ ಇತ್ತು. ಅವನು ಅಲ್ಲಿಂದಲೇ ಬೆಳಕನ್ನು ಕೆಳಗಿಳಿಸಿ ಡಿಪ್ ಮಾಡಿದ. ಗದ್ದೆಯಲ್ಲಿ ನೀರು ಕಟ್ಟುವವನಿಗಾಗಿ ಯಾರೂ ಡಿಪ್ ಮಾಡುವುದಿಲ್ಲ. ತನ್ನ ಮಗ್ಗುಲಲ್ಲೇ, ಸಾವಕಾಶವಾಗಿ ದಾಟಿದ. ಆದರೂ ಅವನ ಸದ್ದು ಪೂರ್ತಿ ದೂರವಾಗುವವರೆಗೆ ನಾನು ಊರಿದ ಕಾಲು ತೆಗೆಯಲಿಲ್ಲ.