ಫಾಂಟಿನ ಜಗಳ ದೇವಾಪುರಕ್ಕೆ ಬಂದದ್ದು

ಶಹಾಪುರದ ಹೈಸ್ಕೂಲೊಂದರಲ್ಲಿ ನಾನು ಕನ್ನಡ ಕಲಿಸುತ್ತೇನೆ. ನಮ್ಮ ಅತ್ತೆ ಇರುವುದು ಸುರಪುರದ ಹತ್ತಿರದ ದೇವಾಪುರದಲ್ಲಿ, ಮೈದುನನ ಮನೆಯಲ್ಲಿ. ಕಳೆ ಕೀಳುವಾಗ ಹಾಡುವ ಹಾಡು, ಬೀಸುವಾಗಿನ ಹಾಡು, ಮದುಮಗಳಿಗೆ ಅರಿಶಿಣ ಹಚ್ಚುವಾಗಿನ ಹಾಡು, ಎಲ್ಲವೂ ಅವರಿಗೆ ಬಾಯಿಪಾಠ. ರಜೆಗೆ ಹೋದಾಗಲೆಲ್ಲ ಅವರ ಪಕ್ಕದಲ್ಲಿ ಕೂತು ಒಂದೊಂದನ್ನೇ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿಕೊಳ್ಳುತ್ತಿದ್ದೆ. ಅವರು ಹಾಡುತ್ತಲೇ ಶೇಂಗಾ ಸುಲಿಯುತ್ತಿದ್ದರು. ನನ್ನ ಬೆರಳು ಹಿಂದೆ ಬಿದ್ದರೆ ನಿಲ್ಲಿಸಿ, ಬರೆದಾಯಿತೇ ಎಂದು ಕೇಳಿ ಮುಂದುವರಿಯುತ್ತಿದ್ದರು.

ಹಾಡುಗಳು ಒಂದು ಪುಸ್ತಕಕ್ಕೆ ಸಾಕಾಗುವಷ್ಟು ಆದಾಗ ಅವನ್ನು ಪುಣೆಯಲ್ಲಿರುವ ನಾದಿನಿಗೆ ಫೋನಿನಲ್ಲಿ ಕಳಿಸಿದೆ. ಇದು ಯಾವ ಭಾಷೆ ಎಂದು ಅವಳು ಕೇಳಿದಳು. ಅವಳ ಫೋನಿನಲ್ಲಿ ಒಂದೂ ಕನ್ನಡ ಅಕ್ಷರ ಇರಲಿಲ್ಲ. ತಲೆಯ ಮೇಲೆ ಗೀರು ಹೊತ್ತ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಪೌಂಡಿನ ಗುರುತು, ಹಾಗೇ ಪುಟಗಟ್ಟಲೆ. ನಾನು ಟೈಪ್ ಮಾಡಿದ್ದು ಹಳೆಯ ಕಾಲದ ಫಾಂಟಿನಲ್ಲಿ. ಆ ಫಾಂಟು ಇರುವ ಕಂಪ್ಯೂಟರಿನಲ್ಲಿ ಮಾತ್ರ ಅದು ಕನ್ನಡ, ಬೇರೆ ಕಡೆ ಬರೀ ಗೀಚು.

ಕಂಪ್ಯೂಟರಿನಲ್ಲಿ ಕನ್ನಡ ಬಳಸುವವರ ಒಂದು ಆನ್‌ಲೈನ್ ಗ್ರೂಪಿಗೆ ಯಾರೋ ನನ್ನನ್ನು ಸೇರಿಸಿದ್ದರು. ಅಲ್ಲಿ ಕೇಳಿದೆ: ನನ್ನ ಅತ್ತೆಯ ಹಾಡುಗಳನ್ನು ಫೋನಿನಲ್ಲೂ ಓದಬೇಕು, ಸಣ್ಣ ಪುಸ್ತಕವಾಗಿ ಅಚ್ಚೂ ಹಾಕಿಸಬೇಕು, ಏನು ಮಾಡಲಿ?

ಉತ್ತರ ಬರಲಿಲ್ಲ, ಜಗಳ ಬಂತು. ಒಬ್ಬರು, ಇನ್ನೂ ಹಳೆಯ ಫಾಂಟು ಹಿಡಿದುಕೊಂಡು ಕೂತವರು ಕನ್ನಡಕ್ಕೆ ವಿಷ ಹಾಕುವವರು, ಎಲ್ಲ ಫೋನು, ಕಂಪ್ಯೂಟರುಗಳಲ್ಲೂ ಕಾಣುವ ಯುನಿಕೋಡ್ ಬಿಟ್ಟು ಬೇರೆ ಯಾವುದೂ ಕನ್ನಡವೇ ಅಲ್ಲ ಎಂದು ಬರೆದರು. ಇನ್ನೊಬ್ಬರು ತಕ್ಷಣ ಮೇಲೆ ಬಿದ್ದರು: ನಿಮ್ಮ ಯುನಿಕೋಡಿನಲ್ಲಿ ಒಂದು ಲಗ್ನಪತ್ರಿಕೆ ಅಚ್ಚು ಹಾಕಿ ತೋರಿಸಿ, ಆಮೇಲೆ ಪಾಠ ಹೇಳಿ. ಮೊದಲನೆಯವರು, ಗೊತ್ತಿಲ್ಲದವರು ಬಾಯಿ ಮುಚ್ಚಿಕೊಂಡಿರುವುದೇ ಕನ್ನಡದ ಸೇವೆ ಎಂದರು. ಈ ಮಾತನ್ನು ಅವರು ವಾರಕ್ಕೊಮ್ಮೆಯಾದರೂ ಯಾರಿಗಾದರೂ ಹೇಳುತ್ತಿದ್ದರು ಎಂದು ಆಮೇಲೆ ಹಳೆಯ ಮೆಸೇಜುಗಳನ್ನು ಓದಿದಾಗ ತಿಳಿಯಿತು. ಇಬ್ಬರ ಹಿಂದೆಯೂ ಮಂದಿ ಸೇರಿದರು. ಮಧ್ಯಾಹ್ನದ ಹೊತ್ತಿಗೆ ಒಬ್ಬರ ಡಿಗ್ರಿಯನ್ನು ಇನ್ನೊಬ್ಬರು ವಿಚಾರಿಸುತ್ತಿದ್ದರು. ನನ್ನ ಪ್ರಶ್ನೆ ಎಲ್ಲೋ ಮೇಲೆ ಉಳಿದುಹೋಗಿತ್ತು.

ನನಗೆ ಸಿಟ್ಟಿಗಿಂತ ಹೆಚ್ಚಾಗಿ ಸೋಜಿಗವೆನಿಸಿತು. ಇಷ್ಟು ಉರಿಯುವವರು ಮನೆಯಲ್ಲಿ ಹೇಗಿರುತ್ತಾರೆ? ಚಹಾ ತಡವಾದರೆ ಏನು ಮಾಡುತ್ತಾರೆ? ಯುನಿಕೋಡಿನವರ ಹೆಸರಿನ ಪಕ್ಕದಲ್ಲಿ ಮುಖದ ಬದಲು ಒಂದು ಬೆಟ್ಟದ ಚಿತ್ರವಿತ್ತು. ದೊಡ್ಡದು ಮಾಡಿ ನೋಡಿದೆ. ನಮ್ಮ ಶಹಾಪುರದ ಮಲಗಿದ ಬುದ್ಧನ ಬೆಟ್ಟ. ಅಂದರೆ ಈ ಮನುಷ್ಯ ಎಲ್ಲೋ ಇಲ್ಲಿಯವರೇ.

ಸಂಜೆ ಇಬ್ಬರಿಂದಲೂ ನನಗೆ ಬೇರೆಬೇರೆಯಾಗಿ ಮೆಸೇಜು ಬಂತು. ಎರಡರ ದನಿಯೂ ಎಷ್ಟು ಮೆತ್ತಗಿತ್ತೆಂದರೆ ಅದೇ ಮಂದಿಯೇ ಎಂದು ಮತ್ತೊಮ್ಮೆ ಹೆಸರು ನೋಡಿಕೊಂಡೆ. ಬೆಟ್ಟದವರು ಸುರಪುರದಲ್ಲಿ ಸರ್ಕಾರಿ ಗುಮಾಸ್ತರು. ಫೈಲು ಕಳಿಸಿದರೆ ಯುನಿಕೋಡಿಗೆ ಪರಿವರ್ತನೆ ಮಾಡಿಕೊಡುತ್ತೇನೆ ಎಂದಿದ್ದರು. ಇನ್ನೊಬ್ಬರಿಗೆ ಯಾದಗಿರಿಯಲ್ಲಿ ಸ್ಟೇಷನ್ನಿನ ಕಡೆ ಡಿ.ಟಿ.ಪಿ. ಅಂಗಡಿ. ಪುಸ್ತಕದ ಪುಟ ಕಟ್ಟಿಕೊಡುತ್ತೇನೆ, ಹಿರಿಯರ ಹಾಡು, ಕೂಲಿ ಬೇಡ ಎಂದಿದ್ದರು. ನಾನು ಫೈಲನ್ನು ಇಬ್ಬರಿಗೂ ಕಳಿಸಿದೆ, ಇಬ್ಬರಿಗೂ ಹಾಗೆಂದು ತಿಳಿಸಿದೆ.

ಗುಮಾಸ್ತರು ಪರಿವರ್ತಿಸಿದ ಫೈಲು ಬಂತು. ಫೋನಿನಲ್ಲಿ ಕನ್ನಡ ಕಾಣುತ್ತಿತ್ತು, ಆದರೆ ಅಲ್ಲಲ್ಲಿ ಅರ್ಕಾವತ್ತು ಹಿಂದಿನ ಅಕ್ಷರದಿಂದ ಮುಂದಿನದಕ್ಕೆ ಹಾರಿ ಕೂತಿತ್ತು, ಒತ್ತಕ್ಷರಗಳು ಕಳಚಿ ಬಿದ್ದಿದ್ದವು. ಅಂಗಡಿಯವರು ಕಟ್ಟಿದ ಪುಟಗಳು ಚೆಂದವಾಗಿದ್ದವು, ಆದರೆ ನನ್ನ ಟೈಪಿನ ತಪ್ಪುಗಳು ಅವುಗಳಲ್ಲಿ ಹಾಗೆಯೇ ಇದ್ದವು. ಎರಡನ್ನೂ ಕೂತು ಓದಿ ತಿದ್ದಬೇಕಿತ್ತು. ಹಾಡಿದವರ ಮುಂದೆಯೇ ಓದಿದರೆ ಒಳ್ಳೆಯದು, ಭಾನುವಾರ ದೇವಾಪುರಕ್ಕೆ ಬನ್ನಿ ಎಂದು ಇಬ್ಬರನ್ನೂ ಕರೆದೆ. ಇಬ್ಬರೂ ಒಂದೇ ಪ್ರಶ್ನೆ ಕೇಳಿದರು: ಅವರೂ ಬರುತ್ತಾರೆಯೇ? ಹೌದು ಎಂದೆ. ಅವರನ್ನು ಒಟ್ಟಿಗೆ ನೋಡುವ ಆಸೆ ನನಗೆ ಹಾಡುಗಳ ಮೇಲಿನಷ್ಟೇ ಇತ್ತು ಎಂಬುದನ್ನು ಮಾತ್ರ ಹೇಳಲಿಲ್ಲ.

ಆ ಭಾನುವಾರ ನಾನು ಅಂಗಳದಲ್ಲಿ ನಿಂತಿದ್ದಾಗ ಒಂದು ಮೋಟರ್‌ಸೈಕಲ್ ಬಂತು. ಅದರ ಮೇಲೆ ಇಬ್ಬರಿದ್ದರು. ಅಂಗಡಿಯವರು ಯಾದಗಿರಿಯಿಂದ ಬಸ್ಸಿನಲ್ಲಿ ಸುರಪುರಕ್ಕೆ ಬಂದಿಳಿದಿದ್ದರು. ಬಿಸಿಲಲ್ಲಿ ಯಾಕೆ ಕಾಯಬೇಕು ಎಂದು ಗುಮಾಸ್ತರೇ ಸ್ಟ್ಯಾಂಡಿಗೆ ಹೋಗಿ ಕರೆದುಕೊಂಡು ಬಂದಿದ್ದರು. ಹಿಂದೆ ಕೂತವರ ತೊಡೆಯ ಮೇಲೆ ಪುಟಗಳ ಕಟ್ಟು, ಕೈ ಮುಂದಿನವರ ಹೆಗಲ ಮೇಲೆ. ಗುಮಾಸ್ತರು ತೆಳ್ಳಗೆ, ಮಾತು ಕಡಿಮೆ, ಚಪ್ಪಲಿಯನ್ನು ಗೋಡೆಗೆ ಸರಿಯಾಗಿ ಜೋಡಿಸಿ ಒಳಗೆ ಬಂದರು. ಅಂಗಡಿಯವರು ದಪ್ಪಗೆ, ನಗುಮುಖ. ಒಬ್ಬರನ್ನೊಬ್ಬರು ಸರ್ ಎನ್ನುತ್ತಿದ್ದರು. ರೊಟ್ಟಿ, ಪುಂಡಿಪಲ್ಲೆ ಬಡಿಸಿದಾಗ ನೀವು ಮೊದಲು, ನೀವು ಮೊದಲು ಎಂದು ತಾಟನ್ನು ದೂಡಾಡಿದರು.

ಊಟವಾದ ಮೇಲೆ ಕೆಲಸಕ್ಕೆ ಕೂತೆವು. ಅಂಗಡಿಯವರು ಪುಟದಿಂದ ಗಟ್ಟಿಯಾಗಿ ಓದುವುದು, ಗುಮಾಸ್ತರು ಲ್ಯಾಪ್‌ಟಾಪಿನಲ್ಲಿ ತಿದ್ದುವುದು, ಅತ್ತೆ ಹೊರಸಿನ ಮೇಲೆ ಕೂತು ಕೇಳುವುದು. ಬಿಡುವಿನಲ್ಲಿ ನಾನು ಕೇಳಿದೆ, ಒಂದು ಫಾಂಟಿಗಾಗಿ ಇಷ್ಟು ಯಾಕೆ? ಅಂಗಡಿಯವರು, ತಾನು ಟೈಪ್ ಕಲಿತದ್ದು ಅದರಲ್ಲೇ, ಊರ ಮದುವೆಗಳೆಲ್ಲ ತನ್ನ ಕಂಪ್ಯೂಟರಿನಲ್ಲಿ ಅದರಲ್ಲೇ ಇವೆ, ಅದು ತಪ್ಪು ಎಂದು ಯಾರಾದರೂ ಅಂದರೆ ತನ್ನ ಬೆರಳುಗಳೇ ತಪ್ಪು ಎಂದಂತೆ ಕೇಳಿಸುತ್ತದೆ ಎಂದರು. ಗುಮಾಸ್ತರು, ತಮ್ಮ ತಾಯಿಗೆ ಓದು ಬರುವುದಿಲ್ಲ, ಯುನಿಕೋಡಿನಲ್ಲಿ ಇರುವುದನ್ನು ಫೋನು ಓದಿ ಹೇಳುತ್ತದೆ, ಹಳೆಯ ಫಾಂಟಿನದನ್ನು ಹೇಳಲಾರದು ಎಂದರು. ಇಬ್ಬರೂ ಇದನ್ನು ಗ್ರೂಪಿನಲ್ಲಿ ಒಮ್ಮೆಯೂ ಬರೆದಿರಲಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ, ಅಲ್ಲಿ ಯಾರೂ ಕೇಳಲಿಲ್ಲ ಎಂದರು ಅಂಗಡಿಯವರು.

ಮತ್ತೆ ಓದು ಶುರುವಾಯಿತು. ಹಬ್ಬಕ್ಕೆ ಹೆಣ್ಣುಮಗಳನ್ನು ತವರಿಗೆ ಕರೆಯಲು ಬರುವ ಹಾಡು. ಅಣ್ಣ ಗಾಡಿ ಕಟ್ಟಿಕೊಂಡು ಬಂದ ಎಂದು ಓದುತ್ತಿದ್ದಂತೆ ಗುಮಾಸ್ತರು ತಲೆಯೆತ್ತಿದರು. ಅಲ್ಲಿ ತಮ್ಮ ಎಂದು ಇರಬೇಕಲ್ಲವೇ ಎಂದರು. ನಾನು ಪರಿವರ್ತನೆಯ ತಪ್ಪೆಂದುಕೊಂಡು ಮೂಲ ನೋಡಿದೆ. ಅಣ್ಣ ಎಂದೇ ಇತ್ತು.

"ಅಣ್ಣನೇ," ಎಂದರು ಅತ್ತೆ. "ತಮ್ಮ ಸಣ್ಣಾಂವ. ಅವಂಗ ಗಾಡಿ ಹೊಡೀಲಾಕ ಬರ್ತದೇನು?"

"ನಮ್ಮವ್ವ ರಾಮಸಮುದ್ರದಾಕಿ ಯವ್ವಾ. ಆಕಿ ತಮ್ಮ ಅಂತ್ಲೇ ಹಾಡ್ತಾಳ."

"ರಾಮಸಮುದ್ರದಾಗ ತಪ್ಪು ಹಾಡ್ತಾರ."

ಅತ್ತೆ ಇದನ್ನು ಹೇಳಿದ ರೀತಿ ನೋಡಿ ನಾನು ಬೆಚ್ಚಿದೆ. ಬೇರೆ ಊರಿನವರು ಮನೆಗೆ ಬಂದರೆ ಮಾತಿಗೆ ಮಾತು ಬೆಲ್ಲ ಸೇರಿಸುವ ಹೆಂಗಸು. ಈಗ ಮುಖ ಬಿಗಿದಿತ್ತು. ರಾಮಸಮುದ್ರದ ಕಡೆಯವರಿಗೆ ಹಾಡಿನ ನಡೆಯೇ ಗೊತ್ತಿಲ್ಲ, ಬಾಯಿಗೆ ಬಂದದ್ದು ಸೇರಿಸುತ್ತಾರೆ, ತಾನು ತನ್ನ ಅತ್ತೆಯಿಂದ ಕಲಿತದ್ದೇ ಖರೇ ಹಾಡು ಎಂದು ಒಂದೇ ಉಸಿರಿಗೆ ಹೇಳಿದರು.

ಗುಮಾಸ್ತರ ಕಿವಿ ಕೆಂಪಾಯಿತು. ಲ್ಯಾಪ್‌ಟಾಪನ್ನು ಪಕ್ಕಕ್ಕಿಟ್ಟರು. "ಅಣ್ಣಂಗ ಹೆಂಡತಿ ಇರ್ತಾಳ. ನಾದಿನಿ ಬಂದು ಕೂಡ್ತಾಳಂದ್ರ ಆಕಿ ಅವನ್ನ ಬಿಡ್ತಾಳೇನು? ಲಗ್ನ ಆಗಲಾರದ ತಮ್ಮನೇ ಬರ್ತಾನ. ಅದಕ್ಕ ಹಾಡಿನಾಗ ತಮ್ಮ ಅದ."

"ಹೆಂಡತಿ ಬ್ಯಾಡಂದ್ರ ತಂಗೀನ ಕರೀಲಾರದಾಂವ ಅಣ್ಣ ಹ್ಯಾಂಗಾದಾನ?"

"ಗೊತ್ತಿಲ್ಲದವ್ರು ಮಾತಾಡಬಾರ್ದು," ಎಂದುಬಿಟ್ಟರು ಗುಮಾಸ್ತರು.

ಗ್ರೂಪಿನಲ್ಲಿ ಅದೆಷ್ಟೋ ಸಲ ಓದಿದ್ದ ಮಾತು. ಅದು ಒಂದು ಬಾಯಿಂದ ಬರುವುದನ್ನು ಕೇಳಿದ್ದು ಅದೇ ಮೊದಲು. ಅವರಿಗೂ ಕೇಳಿಸಿರಬೇಕು, ನೆಲ ನೋಡಿದರು. ಒಳಗೆ ಪಾತ್ರೆ ತೊಳೆಯುತ್ತಿದ್ದ ನನ್ನ ನೆಗೆಣ್ಣಿ, ಮೈದುನನ ಹೆಂಡತಿ, ಅವಳೂ ಕೈ ನಿಲ್ಲಿಸಿದಳು. ಅಂಗಡಿಯವರು ಪುಟಗಳನ್ನು ತೊಡೆಯ ಮೇಲಿಟ್ಟು ಮೆಲ್ಲಗೆ ಹೇಳಿದರು, "ಸರ್, ಇದು ಗ್ರೂಪ್ ಅಲ್ರಿ."

ಅತ್ತೆಗೆ ಮಾತ್ರ ಸಿಟ್ಟು ಬಂದಿರಲಿಲ್ಲ. ಬಹಳ ದಿನಗಳ ಮೇಲೆ ಸರಿಸಮರು ಸಿಕ್ಕಂತೆ ಕಾಲು ಮಡಚಿ ಸರಿಯಾಗಿ ಕೂತರು. "ಇರ್ಲಿ ಬಿಡು, ಮಾತಾಡ್ಲಿ. ಅವ್ವನ ಸಲುವಾಗಿ ಮಾತಾಡಾಕತ್ತಾನ," ಎಂದರು. ಆಮೇಲೆ ರಾಮಸಮುದ್ರದವರು ಉಳಿದದ್ದನ್ನು ಹೇಗೆ ಹಾಡುತ್ತಾರೆ, ಹಾಡಿ ತೋರಿಸು ಎಂದರು. ಗುಮಾಸ್ತರು ನಾಚಿಕೊಂಡು, ಗಂಟಲು ಸರಿಮಾಡಿಕೊಂಡು, ಹೆಂಗಸರ ಹಾಡನ್ನು ಹೆಂಗಸರ ರಾಗದಲ್ಲೇ ಹಾಡಿದರು. ಅತ್ತೆ ಕೊನೆಯವರೆಗೂ ಕೇಳಿ, ಎಲ್ಲ ಬರೋಬರಿ, ತಮ್ಮ ಎಂಬುದೊಂದೇ ತಪ್ಪು ಎಂದು ತೀರ್ಪು ಕೊಟ್ಟರು.

ಸಂಜೆಯಾದರೂ ಅದು ಬಗೆಹರಿಯಲಿಲ್ಲ. ಕೊನೆಗೆ ಅಂಗಡಿಯವರು, ಎಡಪುಟದಲ್ಲಿ ದೇವಾಪುರದ್ದು, ಬಲಪುಟದಲ್ಲಿ ರಾಮಸಮುದ್ರದ್ದು, ಎರಡನ್ನೂ ಹಾಕೋಣ ಎಂದರು. ಅತ್ತೆ ಒಪ್ಪಲು ಮತ್ತೊಂದು ಸುತ್ತು ಚಹಾ ಬೇಕಾಯಿತು. ಇಬ್ಬರೂ ಮತ್ತೆ ಒಂದೇ ಗಾಡಿಯಲ್ಲಿ ಹೋದರು. ಕಡೆಯ ಬಸ್ಸು ತಪ್ಪಿದ್ದರಿಂದ ಅಂಗಡಿಯವರು ಆ ದಿನ ಗುಮಾಸ್ತರ ಮನೆಯಲ್ಲೇ ಉಳಿದರು ಎಂದು ಆಮೇಲೆ ತಿಳಿಯಿತು.

ಮರುದಿನ ಶಾಲೆಯ ಬಿಡುವಿನಲ್ಲಿ ಗ್ರೂಪು ತೆರೆದೆ. ಯಾರೋ ಮತ್ತೆ ಹಳೆಯ ಫಾಂಟಿನ ವಿಷಯ ಎತ್ತಿದ್ದರು. ನನ್ನ ಇಬ್ಬರು ಅತಿಥಿಗಳೂ ಅಲ್ಲಿದ್ದರು. ಒಬ್ಬರು ಕನ್ನಡದ್ರೋಹಿ ಎಂದಿದ್ದರು, ಇನ್ನೊಬ್ಬರು ಪುಸ್ತಕದ ಹುಳ ಎಂದಿದ್ದರು. ಹಿಂದಿನ ದಿನ ಒಂದೇ ತಾಟಿನಲ್ಲಿ ಶೇಂಗಾ ಚಟ್ನಿ ಹಂಚಿಕೊಂಡವರು ಇವರೇ. ತಡೆಯಲಾರದೆ ಅಂಗಡಿಯವರಿಗೆ ಫೋನು ಮಾಡಿದೆ. "ಅದು ಬ್ಯಾರೆ, ಇದು ಬ್ಯಾರೆ ಅಕ್ಕೋರ," ಎಂದರು. ಗುಮಾಸ್ತರ ಆಫೀಸಿನಿಂದ ತಮಗೆ ಒಂದು ಪುಸ್ತಕದ ಕೆಲಸ ಕೊಡಿಸುವ ಮಾತು ನಡೆದಿದೆ ಎಂದೂ ಹೇಳಿದರು. ಅವರಿಗೆ ಇದರಲ್ಲಿ ಯಾವ ತೊಡಕೂ ಕಂಡಿರಲಿಲ್ಲ. ನನಗೆ ಅದು ಇವತ್ತಿಗೂ ಪೂರ್ತಿ ಅರ್ಥವಾಗಿಲ್ಲ.

ಪುಸ್ತಕ ಬಂತು. ಅತ್ತೆ ಬಂದವರಿಗೆಲ್ಲ ಎಡಪುಟವನ್ನು ಮಾತ್ರ ತೋರಿಸಿದರು. ಪುಣೆಯ ನಾದಿನಿ ಫೋನಿನಲ್ಲಿ ಓದಿಕೊಂಡು ಅತ್ತಳು. ಗುಮಾಸ್ತರು ಅದೇ ಫೈಲನ್ನು ಗ್ರೂಪಿಗೂ ಹಾಕಿದರು. ಒಂದಿಷ್ಟು ಹೊತ್ತು ಹೊಗಳಿಕೆ ಬಂತು. ಆಮೇಲೆ ನಮಗೆ ಯಾರಿಗೂ ಗೊತ್ತಿಲ್ಲದ ಒಬ್ಬರು ಬರೆದರು: ಎರಡೂ ತಪ್ಪು, ನಮ್ಮಲ್ಲಿ ಕರೆಯಲು ಬರುವವನು ಸೋದರಮಾವ, ತಿಳಿಯದೆ ಅಚ್ಚು ಹಾಕಿಸಬೇಡಿ.

ದೇವಾಪುರಕ್ಕೆ ಹೋದಾಗ ಇದನ್ನು ನಗುನಗುತ್ತಾ ಅತ್ತೆಗೆ ಓದಿ ಹೇಳಿದೆ. ಅವರು ನಗಲಿಲ್ಲ. ಅವಂಗ ಬರಿ ಎಂದು ಒಂದಿಷ್ಟು ಹೇಳಿದರು. ನಾನು ಅದನ್ನು ತುಸು ಮೆತ್ತಗೆ ಮಾಡಿ ಟೈಪ್ ಮಾಡಿದೆ. ಓದು ಎಂದರು, ಓದಿದೆ, ನಾನು ಹೇಳಿದ್ದು ಇದಲ್ಲ ಎಂದು ಮತ್ತೆ ಬರೆಸಿದರು. ಅದನ್ನು ಗ್ರೂಪಿಗೆ ಹಾಕಿದಾಗ ಗುಮಾಸ್ತರು ಮತ್ತು ಅಂಗಡಿಯವರು ಮೊದಲ ಬಾರಿಗೆ ಒಂದೇ ಕಡೆ ನಿಂತು ಅತ್ತೆಯನ್ನು ಬೆಂಬಲಿಸಿದರು. ಸೋದರಮಾವನ ಪರವಾಗಿಯೂ ಜನ ಹುಟ್ಟಿಕೊಂಡರು. ಅಂದಿನಿಂದ ನಾನು ಹೋದಾಗಲೆಲ್ಲ ಅತ್ತೆಯ ಮೊದಲ ಮಾತು, ಅಂವ ಏನಂದ?

ಹೋದ ವಾರ ಆ ಮನುಷ್ಯ ತನ್ನ ತಾಯಿ ಹಾಡಿದ್ದನ್ನೇ ರೆಕಾರ್ಡ್ ಮಾಡಿ ಗ್ರೂಪಿಗೆ ಕಳಿಸಿದ್ದಾನೆ. ಫೋನನ್ನು ಅತ್ತೆಯ ಕಿವಿಯ ಹತ್ತಿರ ಹಿಡಿದೆ. ವಯಸ್ಸಾದ ದನಿ, ನಡುವೆ ಕೆಮ್ಮು, ಹಿಂದೆ ಎಲ್ಲೋ ಮೇಕೆ ಕೂಗುವುದು ಕೇಳುತ್ತಿತ್ತು. ಅತ್ತೆ ಕಣ್ಣು ಮುಚ್ಚಿ ಕೇಳಿದರು. ಸೋದರಮಾವ ಬಂದಾಗ ಹುಬ್ಬು ಗಂಟಿಕ್ಕಿತು, ಆದರೆ ಕೈ ತೊಡೆಯ ಮೇಲೆ ತಾಳ ಹಾಕುವುದನ್ನು ಬಿಡಲಿಲ್ಲ.

"ದನಿ ಚಲೋ ಅದ," ಎಂದರು. "ಹಾಡು ತಪ್ಪು."

ನಾನು ಫೋನು ಎತ್ತಿಕೊಳ್ಳಲು ಹೋದೆ. ಅವರು ನನ್ನ ಕೈ ಹಿಡಿದು, ಇನ್ನೊಮ್ಮೆ ಹಚ್ಚು ಎಂದರು.