ಮಸ್ಕತ್ತಿನ ಡಬ್ಬಿ

ನಸೀಬಾಳಿಗೆ ಡಬ್ಬಿಗಳೆಂದರೆ ಚಿಕ್ಕಂದಿನಿಂದ ಜೀವ. ವಾಮದಪದವಿನ ಅಪ್ಪನ ಅಂಗಡಿಯಲ್ಲಿ ಬಿಸ್ಕತ್ತಿನ ರಟ್ಟು, ಸೋಪಿನ ಕಾಗದ, ಅತ್ತರಿನ ಪುಟ್ಟ ಪೆಟ್ಟಿಗೆ ಏನು ಸಿಕ್ಕರೂ ಒರೆಸಿ ಹಾಸಿಗೆಯಡಿ ಇಡುತ್ತಿದ್ದಳು. ಮದುವೆಯಾಗಿ ಬಂಟ್ವಾಳಕ್ಕೆ ಬಂದ ಮೇಲೆ, ಗಂಡ ಶಮೀರ್ ಮಸ್ಕತ್ತಿನಿಂದ ತಂದದ್ದರ ಒಳಗಿನದ್ದು ಮನೆಯವರ ಹೊಟ್ಟೆಗೆ, ಹೊರಗಿನದ್ದು ಇವಳ ಕಪಾಟಿಗೆ. ಅದರಲ್ಲೊಂದು ಹಲ್ವದ ಡಬ್ಬಿ. ಕಡು ಹಸಿರು ಮೈ, ಮುಚ್ಚಳದ ಮೇಲೆ ಎಲ್ಲಿಯೂ ಕಡಿಯದೆ ಓಡುವ ಒಂದೇ ಚಿನ್ನದ ಗೆರೆ. ಅದೇ ಗೆರೆ ಮರಳದಿಬ್ಬವಾಗಿ, ಒಂಟೆಯಾಗಿ, ಕೊನೆಗೆ ಅಂಗಡಿಯ ಹೆಸರಿನ ಅರಬ್ಬಿ ಅಕ್ಷರವಾಗಿ ನಿಲ್ಲುತ್ತಿತ್ತು. ಇದು ಯಾರ ತಲೆಗೆ ಹೊಳೆಯಿತೋ ಎಂದು ನಸೀಬಾ ಆಗಾಗ ಅದರ ಮೇಲೆ ಬೆರಳಾಡಿಸುತ್ತಿದ್ದಳು.

ಈ ಸಲ ಶಮೀರ್ ವೀಸಾದ ಗಡಿಬಿಡಿಯಲ್ಲಿ ಬರಿಗೈಯಲ್ಲಿ ಬಂದಿದ್ದ. ಗಲ್ಫಿನವನು ನೆಂಟರ ಬಾಯಿಗೆ ಸಿಹಿ ಹಾಕದಿದ್ದರೆ, ಕೆಲಸ ಹೋಗಿದೆ ಎಂಬ ಮಾತು ಬಸ್ಸಿಗಿಂತ ಮೊದಲು ಊರು ತಲುಪುತ್ತದೆ. ಅವನ ಸೋದರತ್ತೆ ಸೈನಬ ವೇಣೂರಿನಿಂದ ಹೊರಟಿದ್ದಾರೆ ಎಂದು ಫೋನು ಬಂತು.

ನಸೀಬಾಳ ಅತ್ತೆ ಆಯಿಶಮ್ಮ ಬೆಳಿಗ್ಗೆಯೇ ಗೋಧಿಹಾಲು, ಬೆಲ್ಲ ಅಗಲ ಬಾಯಿಯ ಉರುಳಿಗೆ ಸುರಿದು ಹಲ್ವ ಮಗುಚಲು ನಿಂತರು. ಒಮ್ಮೆ ಶುರು ಮಾಡಿದರೆ ಕೈ ಬಿಡುವಂತಿಲ್ಲ. ಪಾಕ ಸಿಡಿದು ಮೊಣಕೈವರೆಗೆ ಕೆಂಪು ಬೊಕ್ಕೆಗಳೆದ್ದವು.

"ಮಗಳೇ, ಸ್ವಲ್ಪ ಮಗುಚುತ್ತೀಯಾ? ನನ್ನ ರಟ್ಟೆ ಬಿದ್ದು ಹೋಯಿತು."

"ಈಗ ಬಂದೆ ಮಾಮಿ, ಇದೊಂದು ರಿಬ್ಬನ್ ಆಗಲಿ."

ಆದರೆ ಅವಳು ಹೋಗಲಿಲ್ಲ. ರಿಬ್ಬನ್ ಮುಗಿದ ಮೇಲೂ ಹಸಿರು ಡಬ್ಬಿಗೆ ಹಾಸುವ ಕಾಗದವನ್ನು ಅಳತೆಗೆ ಕತ್ತರಿಸುತ್ತಿದ್ದಳು. ಮೊದಲು ಇಳಿಸಿದ ಹಲ್ವ ಆರಿದ ಮೇಲೆ ತುಂಡು ಮಾಡಿ, ಪಿಸ್ತಾ ಚೂರು ಉದುರಿಸಿ, ಸಾಲಾಗಿ ಜೋಡಿಸಿದಳು. ಮುಚ್ಚಳ ಹಾಕಿದಾಗ ಅವಳಿಗೇ ಅದು ಕಡಲಾಚೆಯದ್ದಾಗಿ ಕಂಡಿತು.

ಸೈನಬ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಒಂದು ತುಂಡು ಬಾಯಿಗೆ ಹಾಕಿದರು. "ಇದು ನೋಡು ಹಲ್ವ ಅಂದ್ರೆ! ನಮ್ಮ ಊರಿನ ಹೆಂಗಸರು ಮಾಡ್ತಾರೆ, ಪಾತ್ರೆಗೆ ಹಚ್ಚುವ ಅಂಟಿನ ಹಾಗೆ."

ಶಮೀರ್ ಕಾಲ ಮೇಲೆ ಕಾಲು ಹಾಕಿದ. "ಅಲ್ಲಿ ಹೆಸರು ಹೋದ ಅಂಗಡಿ, ಮಾಮಿ. ಸಾಲು ನಿಲ್ಲಬೇಕು."

ಚಹದ ತಟ್ಟೆ ಹಿಡಿದು ಆಯಿಶಮ್ಮ ಬಾಗಿಲಲ್ಲಿ ನಿಂತಿದ್ದರು. ನಸೀಬಾಳ ಕಿವಿ ಬಿಸಿಯಾಯಿತು. ಅವಳು ಸುಳ್ಳು ಹೇಳಿರಲಿಲ್ಲ, ನಿಜ. ಡಬ್ಬಿಯ ಬಾಯಲ್ಲಿ ಹೇಳಿಸಿದ್ದಳು.

"ಸೈನಬ ಮಾಮಿ, ಡಬ್ಬಿ ಮಾತ್ರ ಅಲ್ಲಿಯದ್ದು. ಹಲ್ವ ನಮ್ಮ ಮಾಮಿ ಬೆಳಿಗ್ಗೆ ಮಾಡಿದ್ದು."

ಸೈನಬ ಹೊಟ್ಟೆ ಹಿಡಿದು ನಕ್ಕರು. "ಅತ್ತೆಗೆ ಸೋಪು ಹಾಕುವುದು ನಿನ್ನಿಂದ ಕಲಿಯಬೇಕು ಮಾರಾಯ್ತಿ! ಆಯಿಶಮ್ಮ, ಹೌದಾ?"

ಆಯಿಶಮ್ಮ ಮಗನ ಮುಖ ನೋಡಿದರು. ರವಿಕೆಯ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡರು. "ಮಸ್ಕತ್ತಿನದ್ದೇ. ಇವಳಿಗೆ ಯಾವಾಗಲೂ ತಮಾಷೆ."

ನಸೀಬಾ ಅವರ ಹಿಂದೆಯೇ ಅಡುಗೆಮನೆಗೆ ಹೋದಳು. "ಯಾಕೆ ಮಾಮಿ ಹಾಗೆ ಹೇಳಿದ್ದು?"

"ಅವನ ಮರ್ಯಾದೆ ಹೋಗ್ತದಲ್ಲ." ಆಯಿಶಮ್ಮ ಉರುಳಿಯ ಅಂಚು ಕೆರೆಯುತ್ತಲೇ ಇದ್ದರು. "ನೀನು ಚಂದ ಮಾಡಿ ತುಂಬಿಸಿದ್ದಿ. ಅದರೊಳಗೆ ನೋಡುವಾಗ ನನಗೂ ನಾನು ಮಾಡಿದ್ದು ಅಂತ ಕಾಣಲಿಲ್ಲ." ಆ ಮಾತಿನಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ನಸೀಬಾಳಿಗೆ ಅಷ್ಟು ನೋಯುತ್ತಿರಲಿಲ್ಲ.

ಜಗಲಿಯಿಂದ ಸೈನಬರ ದನಿ ಬಂತು. "ಇನ್ನೊಂದು ಡಬ್ಬಿ ಉಂಟಾ? ಫಾಹಿಮಾಗೆ ಕೊಡುವ ಅಂತ." ಫಾಹಿಮಾ ಅವರ ಮಗಳು.

ಅಂಥದ್ದೇ ಇನ್ನೊಂದು ಡಬ್ಬಿ ಕಪಾಟಿನಲ್ಲಿತ್ತು. ಬಾಗಿಲಿಗೆ ಕೈ ಹಾಕಿದ ನಸೀಬಾ ಹಿಂದೆ ಸರಿದು, ಸ್ಟೀಲು ಪಾತ್ರೆಗಳ ಹಲಗೆಯತ್ತ ತಿರುಗಿದಳು. ಅಂಗಡಿಯಲ್ಲಿ ಹೆಸರು ಕೊರೆಸಿ ತಂದ ಪಾತ್ರೆಗಳು. ಆಯಿಶಮ್ಮನ ಹೆಸರಿರುವ, ಹಿಡಿ ಇರುವ ಒಂದು ತೂಕುಪಾತ್ರೆ ಸಾಕಿತ್ತು ಅವಳಿಗೆ. ಒಂದೊಂದನ್ನೇ ಮಗುಚಿ ನೋಡಿದಳು. ಹಸೈನಾರ್. ಹಸೈನಾರ್. ತೀರಿಹೋದ ಮಾವ, ಅವರು ಒಂದು ಲೋಟ ತೊಳೆದದ್ದನ್ನೂ ಇವಳು ಕಂಡವಳಲ್ಲ. ಮುಚ್ಚಳ, ತಟ್ಟೆ, ಸೌಟಿನ ಹಿಡಿಯಲ್ಲೂ ಅವರೇ ಇದ್ದರು.

ಒಲೆಯ ಕೆಂಡದ ಮೇಲೆ ಉಳಿದಿದ್ದ ಹಲ್ವವನ್ನು ಆ ಪಾತ್ರೆಗಳಲ್ಲೇ ಒಂದಕ್ಕೆ ತೋಡಿ, ಮುಚ್ಚಳ ಹಾಕದೆ ಒಯ್ದು ಸೈನಬರ ಅಂಗೈಯಲ್ಲಿಟ್ಟಳು.

"ಅಯ್ಯೋ! ಬಿಸಿ ಉಂಟಲ್ಲ!" ಎಂದು ಸೈನಬ ಕೈ ಬದಲಿಸಿದರು. ಮತ್ತೆ ಪಾತ್ರೆ ನೋಡಿದರು, ಶಮೀರನನ್ನು ನೋಡಿದರು. ಅವನು ಮೊಬೈಲು ಹಿಡಿದು ಎದ್ದು ಅಂಗಳಕ್ಕೆ ಇಳಿದ. ಸೈನಬ ನಿಧಾನಕ್ಕೆ ಹೋಗಿ ಆಯಿಶಮ್ಮನ ಕೈ ಹಿಡಿದು, ತೋಳು ಮೇಲೆ ಸರಿಸಿದರು.

"ಸುಟ್ಟದ್ದಕ್ಕೆ ಏನೂ ಹಚ್ಚಲಿಲ್ವಾ?"

ಬೆಳಿಗ್ಗೆಯಿಂದ ಆ ಕೈಯ ಪಕ್ಕದಲ್ಲೇ ರಿಬ್ಬನ್ ಕಟ್ಟುತ್ತಿದ್ದ ನಸೀಬಾ ತಲೆ ತಗ್ಗಿಸಿ ಎಣ್ಣೆ ತರಲು ಒಳಗೆ ಹೋದಳು.