ಹೊಸ ಪತ್ರದ ಗುರುತು ಅಳಿಸಿದ್ದು ಯಾರು?

ಬೆಳಗಿನ ಐದೂವರೆ. ಬೆಟ್ಟದೂರು ನಾರಿನ್‌ನ ನೆರೆ ಮುನ್ನೆಚ್ಚರಿಕೆ ಕಚೇರಿಯಲ್ಲಿ ಹಿರಿಯ ನೌಕರೆ ಉಮ್ಸುನಾಯ್ ಒಲೆಗೆ ಕಲ್ಲಿದ್ದಲು ತುಂಬಿ, ಕಪ್ಪು ಪರದೆಯ ಮುಂದೆ ಕೂರುತ್ತಾರೆ. ಪರದೆಯಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ, ಬರೀ ಅಕ್ಷರ. ಇಲ್ಲಿನ ಬಡಕಲು ಇಂಟರ್ನೆಟ್ಟಿಗೆ ಅಷ್ಟೇ ತಾಕತ್ತು. ಬೆಟ್ಟದ ಹನ್ನೊಂದು ಅಳತೆ ಠಾಣೆಗಳಿಂದ ದಿನಕ್ಕೆ ಅರವತ್ತು ಇಮೇಲ್ ಬರುತ್ತವೆ. ಹೊಸದು ಬಂದರೆ ಆ ಠಾಣೆಯ ಪತ್ರಪೆಟ್ಟಿಗೆಯ ಪಕ್ಕ ಒಂದು ಗುರುತು ಮೂಡುತ್ತದೆ. ಗುರುತಿಲ್ಲದ ಪೆಟ್ಟಿಗೆಯನ್ನು ಯಾರೂ ತೆರೆಯುವುದಿಲ್ಲ, ಹತ್ತೊಂಬತ್ತು ವರ್ಷದಿಂದ ಅದೇ ರೂಢಿ.

ಜೂನ್‌ನ ಒಂದು ಬೆಳಿಗ್ಗೆ ಗುರುತು ಮೂಡಲಿಲ್ಲ. ಹಿಮಕೆರೆ ಉಕ್ಕುತ್ತಿದೆಯೆಂಬ ಪತ್ರ ಪೆಟ್ಟಿಗೆಯಲ್ಲೇ ಕೂತಿತು. ಕೆಳಗಿನ ಹುಲ್ಲುಗಾವಲಿನಲ್ಲಿ ಬೈಶಕಾನ್ ಎಂಬಾಕೆಯ ನಲವತ್ತು ಕುರಿ ನೀರುಪಾಲಾದವು.

"ಓದಿ ಮರೆತಿದ್ದೀರಿ ಎಜೆ," ಅಂದರು ಮುಖ್ಯಸ್ಥ ಸಗಿನ್‌ಬೆಕ್. ಎಜೆ ಎಂದರೆ ಅಕ್ಕ. ವಯಸ್ಸಿನಲ್ಲಿ ಚಿಕ್ಕವರು, ಅಕ್ಕ ಎಂದೇ ಕರೆದು ಅಕ್ಕನ ಕೆಲಸಕ್ಕೇ ಕತ್ತರಿ ಹಿಡಿದಿದ್ದರು. "ಓದದೆ ಗುರುತು ತಾನಾಗೇ ಹೋಗುತ್ತಾ?" ಮುಂದಿನ ಶುಕ್ರವಾರ ವಿಚಾರಣೆ ಎಂದೂ ಹೇಳಿದರು.

ಪತ್ರಿಕೆಗೆ ಬರೆಯುವ ನಾನು ಯಾರನ್ನೂ ಸುಲಭಕ್ಕೆ ನಂಬುವವನಲ್ಲ. ಉಮ್ಸುನಾಯ್ ಅವರನ್ನೂ ಮೊದಲ ದಿನ ನಂಬಲಿಲ್ಲ. ಹಂಚಿ ಕುಡಿದ ಚಹಾದ ಋಣಕ್ಕೂ ಕರಗದೆ, "ನಿಜ ಹೇಳಿ, ಕಣ್ತಪ್ಪಿತಾ?" ಎಂದು ಕೇಳಿದೆ.

"ನಂಗೂ ಅದೇ ಡೌಟು ಇತ್ತು ಕಣಪ್ಪಾ," ಎಂದು ನಕ್ಕರು. "ಅದಕ್ಕೇ ನನ್ನನ್ನೇ ಮೊದಲು ಹಿಡಿಯೋಕೆ ಹೊರಟೆ."

ಪ್ರತಿ ಪೆಟ್ಟಿಗೆಗೂ ಕಂಪ್ಯೂಟರ್ ಎರಡು ಹೊತ್ತು ಬರೆದಿಡುತ್ತದೆ: ಪತ್ರ ಬಿದ್ದ ಹೊತ್ತು, ಪೆಟ್ಟಿಗೆಯನ್ನು ಕೊನೆಗೆ ಓದಿದ ಹೊತ್ತು. ಬಿದ್ದ ಮೇಲೆ ಓದಿದ್ದರೆ, ಪತ್ರ ಹಳೆಯದೆಂದು ಗುರುತು ಅಳಿಸುತ್ತದೆ. ಉಮ್ಸುನಾಯ್ ದಿನಾ ಬೆಳಿಗ್ಗೆ ಖಾಲಿ ಪೆಟ್ಟಿಗೆಯೊಂದಕ್ಕೆ ತಾವೇ ಪತ್ರ ಕಳಿಸಿ, ಕೀಲಿಮಣೆ ಮುಟ್ಟದೆ ಕೈಕಟ್ಟಿ ಕೂತರು. ಯಾರೂ ಮುಟ್ಟದ ಪೆಟ್ಟಿಗೆಯನ್ನು ಯಾರೋ ಓದುತ್ತಲೇ ಇದ್ದರು. ಏಳು ದಿನವೂ, ನಿಮಿಷ ತುಂಬಿದ ಕೂಡಲೇ, ಒಂದು ಸೆಕೆಂಡೂ ಆಚೀಚೆ ಇಲ್ಲದೆ.

"ಮನುಷ್ಯರು ಇಷ್ಟು ನೆಟ್ಟಗೆ ಕಳ್ಳತನ ಮಾಡಲ್ಲ. ಇದು ಯಾರೋ ಬರೆದಿಟ್ಟ ಕೆಲಸ ಅನ್ಕೊಂಡೆ."

ಯಂತ್ರದ ಉಸ್ತುವಾರಿ ಅವರದೇ. ನಿಮಿಷಕ್ಕೊಮ್ಮೆ ತಾನಾಗಿ ನಡೆಯುವ ಕೆಲಸಗಳ ಪಟ್ಟಿ ತೆಗೆದರು. ಸಗಿನ್‌ಬೆಕ್ ಹೆಸರಿನಲ್ಲಿ ಒಂದು ಸಾಲು ಸಿಕ್ಕಿತು. ಎಜೆ ತನಗಿಂತ ಮುಂಚೆ ಪತ್ರ ಓದುತ್ತಾಳೆ ಎಂಬ ಗುಮಾನಿಯಿಂದ, ಪೆಟ್ಟಿಗೆಗಳಲ್ಲಿ ಓದದೆ ಉಳಿದ ಪತ್ರ ಎಣಿಸುತ್ತಿರಲೆಂದು ಅವರೇ ಆ ನೆರೆಯ ಹಿಂದಿನ ರಾತ್ರಿ ಬರೆದಿಟ್ಟದ್ದು! ಎಣಿಸಲು ಪೆಟ್ಟಿಗೆ ಓದಲೇಬೇಕು. ಓದಿದಾಗೆಲ್ಲ ಗುರುತು ಅಳಿಸುತ್ತಿತ್ತು.

ವಿಚಾರಣೆಯಲ್ಲಿ ಉಮ್ಸುನಾಯ್ ಏಳು ದಿನದ ಟಿಪ್ಪಣಿ ಮೇಜಿನ ಮೇಲಿಟ್ಟು ಹೇಳಿದ್ದು ಇಷ್ಟೇ: "ತಮ್ಮಾ, ನನ್ನ ಕಾಯೋಕೆ ಇಟ್ಟಿದ್ದನ್ನ ನೀನೇ ತೆಗೀತೀಯೋ, ನಾನು ತೆಗೀಲೋ?"

ಸಾಲು ಅಂದೇ ಹೋಯಿತು, ಗುರುತು ಮರಳಿತು, ಕೆಲಸ ಉಳಿಯಿತು. ಮೇಲಿನವರಿಗೆ ಹೋದ ವರದಿಯಲ್ಲಿ ಮಾತ್ರ 'ಯಂತ್ರದೋಷ, ಸರಿಪಡಿಸಲಾಗಿದೆ' ಎಂದಿದೆ. ಓದಿ ನನಗೆ ಮೈಯೆಲ್ಲ ಉರಿಯಿತು. ಉಮ್ಸುನಾಯ್‌ಗೆ ಉರಿಯಲಿಲ್ಲವೇ? ಈಗ ಏನಾದರೆ ನಿಮಗೆ ಸಮಾಧಾನ ಎಂದು ಕೇಳಿದೆ.

ಒಲೆಗೆ ಇನ್ನಷ್ಟು ಕಲ್ಲಿದ್ದಲು ಹಾಕಿ ಹೇಳಿದರು: "ಬೈಶಕಾನ್ ಸಂತೇಲಿ ನನ್ನ ಕಂಡ್ರೆ ಮುಖ ತಿರುಗಿಸ್ತಾಳೆ. ಓದಿನೂ ಹೇಳಲಿಲ್ಲ ಅಂತ ಅವಳ ನಂಬಿಕೆ. ನಾನು ಹೇಳಿದ್ರೆ ಕೇಳಲ್ಲ, ನೀವು ಬರೀರಿ. ಅವಳು ಪೇಪರ್ ಓದೋಳಲ್ಲ, ರೊಟ್ಟಿ ಸುತ್ತೋಕೆ ತಗೋತಾಳೆ. ಆದ್ರೂ ಬರೀರಿ, ರೊಟ್ಟಿ ಬಿಚ್ಚುವಾಗ್ಲಾದ್ರೂ ಕಣ್ಣಿಗೆ ಬೀಳಲಿ."